ಜಗಲಿಯಲ್ಲಿ ಹತ್ತನೇ ತರಗತಿ

ಪ್ರಾರ್ಥನೆ ಮುಗಿದರೆ ಸಾಕು, ಬಿಳಿಕುಂಟೆ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಸಾಲು ಮುರಿದು ಮೆಟ್ಟಿಲ ಕಡೆ ಓಡುತ್ತಿದ್ದರು. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳು ಮಹಡಿಯ ಮೇಲೆ. ಅಂಗಳ ಖಾಲಿಯಾದ ಮೇಲೆ ಅಲ್ಲಿ ಉಳಿಯುತ್ತಿದ್ದವಳು ಸೌಜನ್ಯ ಒಬ್ಬಳೇ. ತನ್ನ ಗಾಲಿಕುರ್ಚಿಯನ್ನು ತಾನೇ ತಿರುಗಿಸಿಕೊಂಡು, ರ‍್ಯಾಂಪ್ ಹತ್ತಿ, ಮುಖ್ಯ ಶಿಕ್ಷಕಿಯ ಕೊಠಡಿಯ ಮುಂದಿನ ಜಗಲಿಗೆ ಬರುತ್ತಿದ್ದಳು. ಅಲ್ಲಿ ಅವಳಿಗೊಂದು ಮೇಜು. ಪುಸ್ತಕ ಹರಡಿಕೊಂಡು ಕೂತರೆ ಮೇಲಿನಿಂದ ಬೆಂಚು ಎಳೆಯುವ ಸದ್ದು, ಹಾಜರಿ ಕೂಗುವ ಸದ್ದು, ಆಮೇಲೆ ಗಣಿತದ ಮೇಷ್ಟ್ರು ಗಣೇಶ್ ಪ್ರಸಾದರ ದನಿ. ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಹುಟ್ಟಿನಿಂದಲೇ ಅವಳ ಕಾಲುಗಳಲ್ಲಿ ಬಲವಿರಲಿಲ್ಲ. ಅಪ್ಪ ಗಂಗರಾಜು ರೇಷ್ಮೆಹುಳು ಸಾಕುವವನು. ಬೆಳಿಗ್ಗೆ ಹುಳಕ್ಕೆ ಸೊಪ್ಪು ಹಾಕಿ, ಮಗಳನ್ನು ಬೈಕಿನ ಮೇಲೆ ಕೂರಿಸಿ, ಟವೆಲಿನಿಂದ ತನ್ನ ಸೊಂಟಕ್ಕೆ ಸೇರಿಸಿ ಕಟ್ಟಿಕೊಂಡು ಬಂದು ಶಾಲೆಯಲ್ಲಿ ಬಿಟ್ಟು ಹೋಗುತ್ತಿದ್ದ. ಗಾಲಿಕುರ್ಚಿ ಶಾಲೆಯಲ್ಲೇ ಇರುತ್ತಿತ್ತು. ಒಂಬತ್ತನೇ ತರಗತಿಯವರೆಗೆ ತೊಂದರೆಯಿರಲಿಲ್ಲ. ಹಳೆಯ ಹೆಂಚಿನ ಕಟ್ಟಡ, ಹೊಸ್ತಿಲು ದಾಟಿದರೆ ತರಗತಿ. ಬೇಸಿಗೆಯ ಮಳೆಗೆ ಅದರ ಮಾಡು ಕುಸಿಯಿತು. ಜೂನ್‌ನಲ್ಲಿ ಶಾಲೆ ಶುರುವಾದಾಗ ಎಲ್ಲ ತರಗತಿಗಳೂ ಹೊಸ ಕಟ್ಟಡದ ಮಹಡಿಗೆ ಹೋದವು. ಹೊಸ ಕಟ್ಟಡಕ್ಕೆ ನಿಯಮದ ಪ್ರಕಾರ ರ‍್ಯಾಂಪ್ ಕಟ್ಟಿದ್ದರು. ಅದು ಜಗಲಿಯವರೆಗೆ ಬಂದು ನಿಂತುಬಿಡುತ್ತಿತ್ತು.

ಮುಖ್ಯ ಶಿಕ್ಷಕಿ ರೂಪ ಬಡ್ತಿ ಪಡೆದು ಈ ಶಾಲೆಗೆ ಬಂದದ್ದೂ ಅದೇ ಜೂನ್‌ನಲ್ಲಿ. ಚಿಕ್ಕಬಳ್ಳಾಪುರದಲ್ಲಿ ಮನೆ, ದಿನಾ ಸ್ಕೂಟರಿನಲ್ಲಿ ಮಂಡಿಕಲ್ ದಾಟಿ ಬರುತ್ತಿದ್ದಳು. ಬಂದ ಮೊದಲ ತಿಂಗಳಲ್ಲೇ ಹುಡುಗಿಯರ ಶೌಚಾಲಯಕ್ಕೆ ನೀರು ಬಂತು. ಶಾಲೆ ಬಿಟ್ಟು ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗರ ಮನೆಗಳಿಗೆ ತಾನೇ ಹೋಗಿ ಅವರನ್ನು ವಾಪಸ್ ಕರೆತಂದಳು. ಊರಿನಲ್ಲಿ ಒಳ್ಳೆಯ ಹೆಸರು ಬಂತು. ಸೌಜನ್ಯಳ ಮೇಜನ್ನು ತನ್ನ ಬಾಗಿಲ ಮುಂದೆ ಹಾಕಿಸಿದವಳೂ ಅವಳೇ. ಕಣ್ಣೆದುರಿಗಿರಲಿ ಎಂದು. ಬಿಡುವಿನ ಪೀರಿಯಡ್‌ನಲ್ಲಿ ಶಿಕ್ಷಕರು ಕೆಳಗೆ ಬಂದು ಹೇಳಿಕೊಡಬೇಕು, ನೋಟ್ಸ್ ಕಳಿಸಬೇಕು ಎಂದು ಹೇಳಿದ್ದಳು. ಜೂನ್, ಜುಲೈನಲ್ಲಿ ಬಂದರು. ಆಮೇಲೆ ಕಿರುಪರೀಕ್ಷೆ, ಕ್ರೀಡಾಕೂಟ, ತರಬೇತಿ. ನೋಟ್ಸ್ ಮಾತ್ರ ಇಳಿದು ಬರುತ್ತಿತ್ತು.

ಪ್ರತಿದಿನ ಬಾಗಿಲು ದಾಟುವಾಗ ರೂಪ ಕೇಳುತ್ತಿದ್ದಳು. "ತಿಂಡಿ ಆಯ್ತೇನಮ್ಮಾ?"

"ಆಯ್ತು ಮೇಡಂ."

"ಓದ್ಕೋತಾ ಇದ್ದೀಯಲ್ಲ?"

"ಹೂಂ ಮೇಡಂ."

ರೂಪಳಿಗೆ ಅಷ್ಟರಿಂದ ಸಮಾಧಾನವಾಗುತ್ತಿತ್ತು.

ಡಿಸೆಂಬರ್ ಮೂರರಂದು ವಿಶೇಷಚೇತನರ ದಿನಾಚರಣೆ. ಬ್ಯಾನರ್ ಬಂತು, ಮೈಕ್ ಬಂತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಾದ ಆವುಲಪ್ಪ ಬಿಳಿ ಪಂಚೆ ಉಟ್ಟು ಬಂದರು. ಅಂಗಳದ ಸಿಮೆಂಟಿನ ವೇದಿಕೆಯ ಮೇಲೆ ಕುರ್ಚಿ ಹಾಕಿದ್ದರು. ಸೌಜನ್ಯಳಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದೆಂದು ರೂಪಳೇ ತೀರ್ಮಾನಿಸಿದ್ದಳು. ಹುಡುಗಿಗೆ ಖುಷಿಯಾಗಲಿ ಎಂದು ಮೊದಲೇ ಹೇಳಿರಲಿಲ್ಲ.

ಅವಳ ಹೆಸರು ಕೂಗಿದಾಗ ನಾಲ್ವರು ಹುಡುಗರು ಹೋಗಿ ಗಾಲಿಕುರ್ಚಿಯನ್ನು ಹಾಗೇ ಎತ್ತಿದರು. ಕುರ್ಚಿ ಓಲಾಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೊ ತೆಗೆಯುವವನು ಮುಂದೆ ಬಂದ.

"ಇಳಿಸ್ರೋ ನನ್ನ!" ಎಂದು ಸೌಜನ್ಯ ಕೂಗಿದಳು.

ಹುಡುಗರು ಗಾಬರಿಯಾಗಿ ಕುರ್ಚಿಯನ್ನು ವೇದಿಕೆಯ ಮೇಲೇ ಇಟ್ಟರು. ರೂಪ ನಗುತ್ತಲೇ ಶಾಲು ಬಿಡಿಸಿ ಹತ್ತಿರ ಬಂದಳು. ಸೌಜನ್ಯ ಶಾಲನ್ನು ಕೈಯಿಂದ ತಳ್ಳಿದಳು. ಅವಳ ಮುಖ ಕೆಂಪಾಗಿತ್ತು. ಮೈಕ್ ಪಕ್ಕದಲ್ಲೇ ಇತ್ತು.

"ಫೋಟೊಗೆ ಅಂದ್ರೆ ನನ್ನ ಎತ್ಕೊಂಡು ಬರೋಕೆ ನಾಲ್ಕು ಜನ ಸಿಕ್ತಾರೆ. ಆರು ತಿಂಗಳಿಂದ ಕ್ಲಾಸಿಗೆ ಯಾರೂ ಸಿಗ್ಲಿಲ್ವಾ ಮೇಡಂ? ಎತ್ತೋದೂ ಬೇಡ. ಕ್ಲಾಸೇ ಕೆಳಕ್ಕೆ ಬರಬಹುದಿತ್ತು. ನನ್ನ ಮೇಜಿನ ಪಕ್ಕದಲ್ಲೇ ಅಷ್ಟು ದೊಡ್ಡ ಹಾಲ್ ಇದೆ. ಬೀಗ ಹಾಕಿಟ್ಟಿದ್ದೀರ."

ಆವುಲಪ್ಪ ಎದ್ದು, "ಏನಮ್ಮಾ ಇದು, ದೊಡ್ಡೋರು ಚಿಕ್ಕೋರು ಅನ್ನೋದು ಬೇಡ್ವಾ?" ಎಂದರು. ಯಾರೋ ಮೈಕ್ ಆರಿಸಿದರು. ಕಾರ್ಯಕ್ರಮ ಹೇಗೋ ಮುಗಿಯಿತು.

ಹಾಲ್ ಇದ್ದದ್ದು ನಿಜ. ಊರಿನವರೇ ಆದ ಬೆಂಗಳೂರಿನ ಉದ್ಯಮಿಯೊಬ್ಬರು ಸ್ಮಾರ್ಟ್ ಕ್ಲಾಸ್‌ಗೆಂದು ಅದನ್ನು ಸಿದ್ಧಮಾಡಿಸಿ ಕೊಟ್ಟಿದ್ದರು. ನುಣುಪಾದ ಟೈಲ್ಸ್, ಗೋಡೆಗೆ ಪ್ರೊಜೆಕ್ಟರ್, ಬಾಗಿಲ ಮೇಲೆ ಅವರ ತಂದೆಯ ಹೆಸರಿನ ಹಿತ್ತಾಳೆ ಫಲಕ. ಅಧಿಕಾರಿಗಳು ಬಂದಾಗ ತೆಗೆದು ತೋರಿಸುತ್ತಿದ್ದರು. ಧೂಳಾಗದಿರಲಿ ಎಂದು ಉಳಿದ ದಿನ ಬೀಗ. ಬೀಗದ ಕೈ ರೂಪಳ ಮೇಜಿನ ಡ್ರಾಯರಿನಲ್ಲಿ.

ಊಟದ ಹೊತ್ತಿಗೆ ರೂಪ ಸೌಜನ್ಯಳನ್ನು ಒಳಗೆ ಕರೆದಳು.

"ನಿನಗೆ ನಾನು ಏನು ಕಮ್ಮಿ ಮಾಡಿದ್ದೀನಿ? ಹೇಳು. ಬಿಸಿಲು ಬೀಳ್ದಂಗೆ ಮೇಜು ಹಾಕ್ಸಿದೀನಿ. ನೋಟ್ಸ್ ಕಳಿಸ್ತಾರೆ. ಪರೀಕ್ಷೆಗೆ ಹೆಚ್ಚಿನ ಟೈಮ್ ಕೊಡಿಸ್ತೀನಿ ಅಂತ ಹೇಳಿದೀನಿ. ಎಲ್ಲರ ಮುಂದೆ ಹಿಂಗೆ ಮಾತಾಡಬಹುದಾ?"

"ನೋಟ್ಸ್ ನೋಡಿ ಲೆಕ್ಕ ಬರಲ್ಲ ಮೇಡಂ. ನಂಗೆ ಅರ್ಥ ಆಗ್ಲಿಲ್ಲ ಅಂತ ನೋಟ್ಸಿಗೆ ಹೇಳೋಕಾಗುತ್ತಾ?"

"ನನ್ನ ಹತ್ರ ಹೇಳಬಹುದಿತ್ತಲ್ಲ!"

"ನೀವು ದಿನಾ ತಿಂಡಿ ಆಯ್ತಾ ಅಂತ ಕೇಳಿದ್ರಿ. ಲೆಕ್ಕ ಬಂತಾ ಅಂತ ಕೇಳ್ಲಿಲ್ಲ."

ರೂಪ ಬಾಗಿಲ ಕಡೆ ಕೈ ತೋರಿಸಿದಳು. "ಹೋಗು" ಎಂದಳು.

ಸಂಜೆ ರೂಪ ಮನೆಗೆ ಬಂದಾಗ ಅವಳ ತಾಯಿ ಕೊಂಡಮ್ಮ ಅಡುಗೆಮನೆಯ ಬಾಗಿಲಲ್ಲಿ ಕೂತು ಅವರೇಕಾಯಿ ಬಿಡಿಸುತ್ತಿದ್ದಳು. ರೂಪ ಕೈಚೀಲವನ್ನು ಮಂಚದ ಮೇಲೆ ಎಸೆದು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಇಷ್ಟು ಮಾಡಿದ್ದಕ್ಕೆ ಇದು ಬಹುಮಾನ ನೋಡಮ್ಮಾ. ನನ್ನ ಮಾನ ಕಳೆದ್ಲು."

ಕೊಂಡಮ್ಮ ಕೇಳಿದ್ದು ಒಂದೇ ಮಾತು. "ಆ ಮಗೀನ ಜಗಲಿ ಮೇಲೆ ಕೂರ್ಸಿದ್ದೀಯಾ?"

"ಮೇಲೆ ಹತ್ತೋಕಾಗಲ್ಲ ಅಮ್ಮಾ ಅವಳಿಗೆ. ಅದಕ್ಕೇ..."

"ಮಿಕ್ಕ ಮಕ್ಕಳು ಒಳಗೆ. ಅವಳು ಜಗಲಿ ಮೇಲೆ."

"ನಾನು ನೋಡ್ಕೋತಿದ್ದೆ. ಪ್ರೀತಿಯಿಂದಲೇ ನೋಡ್ಕೋತಿದ್ದೆ."

ಕೊಂಡಮ್ಮ ಮೊರವನ್ನು ಪಕ್ಕಕ್ಕೆ ಸರಿಸಿದಳು. ಎಪ್ಪತ್ತರ ಹತ್ತಿರದ ಹೆಂಗಸು, ದನಿ ಏರಿಸಿ ಮಾತಾಡುವವಳಲ್ಲ. ಅವತ್ತು ಅವಳ ದನಿ ಬಿರುಸಾಯಿತು.

"ನಮ್ಮ ಮೇಷ್ಟ್ರೂ ಒಳ್ಳೇರೇ ಕಣೇ. ನಮ್ಮ ಕೇರಿ ಮಕ್ಕಳನ್ನ ಬಿಸಿಲು ಬೀಳದೇ ಇರೋ ಕಡೆ ನೋಡಿ ಜಗಲಿ ಮೇಲೆ ಕೂರ್ಸೋರು. ಹಬ್ಬ ಬಂದ್ರೆ ಬೆಲ್ಲ ಕೊಡೋರು. ಒಂದಿನ ಬೈದೋರಲ್ಲ. ಒಳಗೆ ಮಗ್ಗಿ ಹೇಳ್ಕೊಡೋರು, ನಾವು ಹೊರಗೆ ಕಿಟಕಿ ಹತ್ರ ಕಿವಿ ಇಟ್ಕೊಂಡು ಕೂತಿರ್ತಿದ್ವಿ. ಕೇಳಿದ್ದು ಅರ್ಧ, ಕೇಳ್ದೇ ಹೋಗಿದ್ದು ಅರ್ಧ. ಮೂರು ವರ್ಷ ಆದ ಮೇಲೆ ಈ ಹುಡುಗಿ ತಲೆಗೆ ವಿದ್ಯೆ ಹತ್ತಲ್ಲ ಅಂದ್ರು. ಬಿಡಿಸಿದ್ರು. ನನ್ನ ತಲೆ ಸರಿಯಾಗೇ ಇತ್ತು ರೂಪಾ."

"ಅಮ್ಮಾ, ಅದು ಜಾತಿ. ಇದೇ ಬೇರೆ, ಅದೇ ಬೇರೆ."

"ಕೂತೋಳಿಗೆ ಎರಡೂ ಒಂದೇ."

"ನನ್ನ ಆ ಮೇಷ್ಟ್ರ ಜತೆ ಸೇರಿಸ್ತೀಯಾ ನೀನು?" ರೂಪ ಕಿರುಚಿದಳು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಅವಳ ಬಿ.ಎಡ್. ಪದವಿಯ ಫೋಟೊ ಇತ್ತು. ಅದನ್ನು ದಿನವೂ ಸೆರಗಿನಿಂದ ಒರೆಸಿಡುತ್ತಿದ್ದವಳು ಕೊಂಡಮ್ಮ.

"ನಿನ್ನ ಓದ್ಸಿದ್ದು ಇನ್ನೊಬ್ಳನ್ನ ಜಗಲಿ ಮೇಲೆ ಕೂರ್ಸೋಕಲ್ಲ" ಎಂದು ಹೇಳಿ ಕೊಂಡಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ರೂಪಳಿಗೆ ಮೊದಲು ತಾಯಿಯ ಮೇಲೆ ಸಿಟ್ಟು ಬಂತು, ಆಮೇಲೆ ಹುಡುಗಿಯ ಮೇಲೆ. ಅವೆರಡೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಉಳಿದ ಸಿಟ್ಟಿಗೆ ತನ್ನದಲ್ಲದೆ ಬೇರೆ ಯಾರ ಹೆಸರೂ ಹೊಂದಲಿಲ್ಲ.

ಮರುದಿನ ಗಂಗರಾಜು ಒಬ್ಬನೇ ಬಂದ. ಬಾಗಿಲಲ್ಲಿ ಕೈ ಮುಗಿದು ನಿಂತ.

"ತಪ್ಪಾಯ್ತು ಮೇಡಂ. ಮಗೀಗೆ ಬಾಯಿ ಜಾಸ್ತಿ. ಅಮ್ಮಾಯಿ, ಹೆಣ್ಣುಮಗು ಅಂತ ಮುದ್ದು ಮಾಡಿ ಕೆಡ್ಸಿದ್ದು ನಾನೇ. ಇನ್ಮೇಲೆ ಅವಳು ಬರಲ್ಲ ಅಂತಾಳೆ. ಪರೀಕ್ಷೆ ಟೈಮಿಗೆ ಎತ್ಕೊಂಡು ಬರ್ತೀನಿ. ನಿಮಗೂ ತೊಂದರೆ ಬೇಡ."

"ಕೈ ಇಳಿಸಿ ಗಂಗರಾಜು" ಎಂದಳು ರೂಪ.

"ಅಲ್ಲ ಮೇಡಂ, ನೀವು ಮನಸ್ಸಿನಲ್ಲಿ ಇಟ್ಕೋಬೇಡಿ..."

"ಕೈ ಇಳಿಸಿ ಅಂದೆ. ಕೈ ಮುಗೀಬೇಕಾಗಿರೋದು ನೀವಲ್ಲ."

ಅವನಿಗೆ ಅರ್ಥವಾಗಲಿಲ್ಲ. ಮೇಡಂಗೆ ಇನ್ನೂ ಕೋಪ ಹೋಗಿಲ್ಲವೆಂದುಕೊಂಡು ಹಿಂದೆ ಹಿಂದೆ ಸರಿಯುತ್ತ ಹೊರಟುಹೋದ. ಜಗಲಿಯ ಮೇಲೆ ಖಾಲಿ ಗಾಲಿಕುರ್ಚಿ ಗೋಡೆಗೆ ಒರಗಿ ನಿಂತಿತ್ತು. ಬಂದು ಹೋಗುವವರೆಲ್ಲ ಅದನ್ನು ಸುತ್ತಿಕೊಂಡು ನಡೆದರು.

ಮಧ್ಯಾಹ್ನ ರೂಪ ಶಿಕ್ಷಕರ ಸಭೆ ಕರೆದಳು. "ಸೋಮವಾರದಿಂದ ಹತ್ತನೇ ತರಗತಿ ಕೆಳಗಿನ ಹಾಲ್‌ನಲ್ಲಿ ನಡೆಯುತ್ತೆ" ಎಂದು ನೇರವಾಗಿ ಹೇಳಿದಳು.

ಗಣೇಶ್ ಪ್ರಸಾದ್ ಕನ್ನಡಕ ತೆಗೆದರು. ಶಾಲೆಯ ಫಲಿತಾಂಶದ ಭಾರವೆಲ್ಲ ತನ್ನ ಹೆಗಲ ಮೇಲಿದೆ ಎಂದು ನಂಬಿದ್ದ ಮನುಷ್ಯ, ಆ ನಂಬಿಕೆ ಸುಳ್ಳೂ ಅಲ್ಲ. "ಮೇಡಂ, ಪರೀಕ್ಷೆ ಹತ್ತಿರ ಬಂತು. ಆ ಹಾಲ್ ಪಕ್ಕ ಅಡುಗೆಮನೆ. ಮುಂದೆ ರಸ್ತೆ, ಟೊಮೆಟೊ ಗಾಡಿಗಳ ಸದ್ದು. ಒಬ್ಬಳಿಗೋಸ್ಕರ ಇಡೀ ಕ್ಲಾಸಿಗೆ ತೊಂದರೆ ಕೊಡೋದು ನ್ಯಾಯನಾ?"

"ಇಡೀ ಕ್ಲಾಸಿಗೆ ತೊಂದರೆ ಆಗಬಾರದು ಅಂತ ಒಬ್ಬಳನ್ನ ಹೊರಗಿಟ್ವಲ್ಲ ಸರ್, ಅದು ನ್ಯಾಯನಾ?"

"ಹೊರಗಿಟ್ವಾ? ನಾನು ಜೂನ್‌ನಲ್ಲಿ ದಿನಾ ಕೆಳಗೆ ಬಂದು ಹೇಳ್ಕೊಟ್ಟಿದ್ದೀನಿ. ಈ ಮಂಡಿ ಇಟ್ಕೊಂಡು ದಿನಕ್ಕೆ ಎಷ್ಟು ಸಲ ಹತ್ತಿ ಇಳೀಲಿ ಮೇಡಂ? ನಾನೂ ಮನುಷ್ಯನೇ."

ಅವರ ದನಿಯಲ್ಲಿ ನೋವಿತ್ತು. ರೂಪ ತಡೆದುಕೊಂಡಳು. "ನಿಮ್ಮ ತಪ್ಪು ಅಂತ ಹೇಳ್ತಿಲ್ಲ. ಅವಳ ಓದನ್ನ ನಿಮ್ಮ ಮಂಡಿ ಮೇಲೆ ಬಿಟ್ಟಿದ್ದು ನನ್ನ ತಪ್ಪು. ಕೋಣೆ ಬದಲಾಯಿಸಬೇಕಿತ್ತು. ಅದು ನನ್ನ ಕೈಲಿತ್ತು, ಮಾಡ್ಲಿಲ್ಲ. ಹಾಲ್ ಹಾಳಾಗುತ್ತೆ ಅಂತ ಹೆದರಿದೆ. ಹುಡುಗಿ ಓದು ಹಾಳಾಯ್ತು."

ಕನ್ನಡದ ಅನಸೂಯಮ್ಮ ತಲೆ ತಗ್ಗಿಸಿಕೊಂಡೇ ಹೇಳಿದರು. "ಆಗಸ್ಟಿನಿಂದ ನಾನು ಒಂದಿನಾನೂ ಅವಳ ಹತ್ರ ಕೂತಿಲ್ಲ. ಹೋಗ್ತಾ ಬರ್ತಾ ತಲೆ ಸವರಿದ್ದೀನಿ, ಅಷ್ಟೇ."

ಗಣೇಶ್ ಪ್ರಸಾದ್ ಕನ್ನಡಕ ಮತ್ತೆ ಹಾಕಿಕೊಂಡರು. ಒಪ್ಪಿದ ಮುಖ ಅವರದಾಗಿರಲಿಲ್ಲ.

ಶನಿವಾರ ಮಕ್ಕಳು ಬೆಂಚುಗಳನ್ನು ಕೆಳಗಿಳಿಸುತ್ತಿರುವಾಗ ಆವುಲಪ್ಪ ಬಂದರು. ಯಾರೋ ಫೋನ್ ಮಾಡಿರಬೇಕು. ಬೈಕಿನಿಂದ ಇಳಿದವರೇ ಹಾಲ್ ಬಾಗಿಲಲ್ಲಿ ಅಡ್ಡ ನಿಂತರು.

"ಏನ್ ಮೇಡಂ ಇದು? ಟೈಲ್ಸ್ ಮೇಲೆ ಕಬ್ಬಿಣದ ಬೆಂಚು ಎಳೀತಿದ್ದಾರೆ. ಯಾರನ್ನ ಕೇಳಿ ಮಾಡ್ತಿದ್ದೀರ?"

"ಸಮಿತಿ ಸಭೆಯಲ್ಲಿ ಹೇಳ್ತೀನಿ. ಈಗ ದಾರಿ ಬಿಡಿ ಆವುಲಪ್ಪನವರೇ, ಮಕ್ಕಳ ಕೈ ನೋಯುತ್ತೆ."

"ಇದು ಎಲ್ಲಾ ಮಕ್ಕಳ ಆಸ್ತಿ. ಒಬ್ಳಿಗೋಸ್ಕರ..."

"ಎಲ್ಲಾ ಮಕ್ಕಳದು ಅಂದ್ರಲ್ಲ, ಈ ವರ್ಷ ಇದರೊಳಗೆ ಒಂದು ಮಗು ಕೂತಿದ್ದು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ."

ಆವುಲಪ್ಪ ದನಿ ತಗ್ಗಿಸಿ ಹತ್ತಿರ ಬಂದರು. "ನೋಡಿ ಮೇಡಂ, ದಾನಿಗಳು ಮುಂದಿನ ವರ್ಷ ಕಾಂಪೌಂಡ್ ಕಟ್ಟಿಸ್ತೀನಿ ಅಂದಿದ್ದಾರೆ. ನನಗೂ ಊರಿನ ಶಾಲೆ ಚೆನ್ನಾಗಿರಲಿ ಅಂತಾನೇ. ಅವರ ಮನಸ್ಸು ಕೆಟ್ರೆ ಎಲ್ಲಾ ಹೋಯ್ತು. ನಿಮ್ಮಂಥೋರು ಕಷ್ಟಪಟ್ಟು ಈ ಸ್ಥಾನಕ್ಕೆ ಬಂದಿದ್ದೀರ. ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು."

'ನಿಮ್ಮಂಥೋರು' ಎಂಬ ಮಾತು ರೂಪಳ ಕಿವಿಗೆ ಹೊಸದಲ್ಲ. ಇಪ್ಪತ್ತು ವರ್ಷದ ಕೆಲಸದಲ್ಲಿ ಅದನ್ನು ಕೇಳಿಸಿಕೊಳ್ಳದವಳಂತೆ ನಕ್ಕು ಮುಂದೆ ಹೋಗುವುದನ್ನು ಅವಳು ಕಲಿತಿದ್ದಳು. ಅವತ್ತು ನಗಲಿಲ್ಲ.

"ನಮ್ಮಂಥೋರು ಹೊಂದ್ಕೊಂಡಿದ್ದು ಸಾಕು" ಎಂದಳು. ಬೆಂಚು ಹಿಡಿದ ಹುಡುಗರೆಲ್ಲ ನಿಂತಲ್ಲೇ ನಿಂತರು. "ನಮ್ಮಮ್ಮ ಹೊಂದ್ಕೊಂಡು ಜಗಲಿ ಮೇಲೆ ಕೂತ್ಲು, ಅವಳಿಗೆ ಅಕ್ಷರ ಬರ್ಲಿಲ್ಲ. ನಾನು ಹೊಂದ್ಕೊಂಡು ಇನ್ನೊಂದು ಮಗುನ ಜಗಲಿ ಮೇಲೆ ಕೂರ್ಸಿದೆ. ಬೇಕಾದ್ರೆ ಇಲಾಖೆಗೆ ಬರೀರಿ, ದಾನಿಗಳಿಗೂ ಹೇಳಿ. ಕಾಂಪೌಂಡ್ ಇಲ್ದೇ ಶಾಲೆ ನಡಿಯುತ್ತೆ. ದಾರಿ ಬಿಡಿ."

ಬಾಗಿಲ ಮುಂದೆ ಬೆಂಚು ಹೊತ್ತ ಮಕ್ಕಳ ಸಾಲು ಮೆಟ್ಟಿಲವರೆಗೂ ಬೆಳೆದಿತ್ತು. ಆವುಲಪ್ಪ ಪಕ್ಕಕ್ಕೆ ಸರಿದು, "ಇದು ಇಲ್ಲಿಗೆ ಮುಗಿಯಲ್ಲ" ಎಂದು ಹೇಳಿ ಬೈಕ್ ಹತ್ತಿದರು.

ಅವರು ಹೇಳಿದ ಹಾಗೆಯೇ ಆಯಿತು. ಕಾಂಪೌಂಡ್ ಬರಲಿಲ್ಲ. ಒಂದು ವಾರದಲ್ಲಿ ದಾನಿಗಳ ಕಡೆಯವರು ಬಂದು ಪ್ರೊಜೆಕ್ಟರ್ ಬಿಚ್ಚಿಕೊಂಡು ಹೋದರು. ಗೋಡೆಯಲ್ಲಿ ತೂತುಗಳು ಉಳಿದವು. ರೂಪಳಿಂದ ವಿವರಣೆ ಕೇಳಿ ಇಲಾಖೆಯಿಂದ ಪತ್ರವೂ ಬಂತು. ಅವಳು ಉತ್ತರ ಬರೆದಳು, ಯಾರಿಗೂ ಓದಿ ಹೇಳಲಿಲ್ಲ.

ಆದರೆ ಅದೆಲ್ಲ ಆಮೇಲಿನ ಮಾತು. ಬೆಂಚು ಸಾಗಿಸಿದ ಆ ಶನಿವಾರವೇ ಶಾಲೆ ಬಿಟ್ಟ ಮೇಲೆ ರೂಪ ಗಂಗರಾಜುವಿನ ಮನೆಗೆ ಹೋದಳು. ಹುಳುಮನೆಯ ಪಕ್ಕದ ನೆರಳಿನಲ್ಲಿ ಚಾಪೆಯ ಮೇಲೆ ಕೂತು ಸೌಜನ್ಯ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ತಾಯಿ ಲಕ್ಷ್ಮಿದೇವಮ್ಮ ಗಡಿಬಿಡಿಯಿಂದ ಕುರ್ಚಿ ತಂದಳು. ರೂಪ ಕುರ್ಚಿಯನ್ನು ಬಿಟ್ಟು ಚಾಪೆಯ ತುದಿಯಲ್ಲಿ ಕೂತಳು.

"ನಾನು ಮಾಡಿದ್ದು ತಪ್ಪು" ಎಂದಳು. ಇದನ್ನು ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ಕೊನೆಗೆ ಬಂದದ್ದು ಅಷ್ಟೇ ಮಾತು. "ಸೋಮವಾರದಿಂದ ನಿನ್ನ ಕ್ಲಾಸ್ ಕೆಳಗಿನ ಹಾಲ್‌ನಲ್ಲಿ."

ಸೌಜನ್ಯ ಕೈಯಲ್ಲಿದ್ದ ಕಡ್ಡಿಯಿಂದ ಎಲೆ ಕೀಳುತ್ತಲೇ ಇದ್ದಳು. "ಆರು ತಿಂಗಳ ಲೆಕ್ಕ ಹೋಯ್ತಲ್ಲ ಮೇಡಂ. ಅದು?"

ಲಕ್ಷ್ಮಿದೇವಮ್ಮ ಗಾಬರಿಯಿಂದ, "ಲೇ, ಮೇಡಂ ಮನೆವರೆಗೂ ಬಂದಿದ್ದಾರೆ ಕಣೇ!" ಎಂದಳು.

"ಕೇಳ್ಲಿ ಬಿಡಮ್ಮಾ" ಎಂದಳು ರೂಪ. "ಅದನ್ನ ವಾಪಸ್ ಕೊಡೋಕೆ ನನ್ನ ಕೈಲಾಗಲ್ಲ. ದಿನಾ ಒಂದು ಗಂಟೆ ಮೊದಲೇ ಶಾಲೆ ತೆಗೀತೀನಿ. ಎಷ್ಟಾಗುತ್ತೋ ಅಷ್ಟು."

"ನಂಗೆ ನಿಮ್ಮ ಮೇಲೆ ಕೋಪ ಹೋಗಿಲ್ಲ."

"ಹೋಗೋದು ಬೇಡ. ಕೋಪ ಇಟ್ಕೊಂಡೇ ಬಾ."

ಸೌಜನ್ಯ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದಳು. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಸೋಮವಾರ ರೂಪ ಬೇಗ ಬಂದಳು. ಅವಳಿಗಿಂತ ಮೊದಲೇ ಗಣೇಶ್ ಪ್ರಸಾದ್ ಬಂದಿದ್ದರು. ಹಾಲ್‌ನಲ್ಲಿ ಕಪ್ಪುಹಲಗೆ ಇರಲಿಲ್ಲವಾದ್ದರಿಂದ ಮೇಲಿನಿಂದ ಒಂದನ್ನು ಇಳಿಸಿ, ಊರಿನ ಬಡಗಿಯನ್ನು ಕರೆಸಿ ಗೋಡೆಗೆ ಹೊಡೆಸುತ್ತಿದ್ದರು. ಪಕ್ಕದಲ್ಲಿ ಸೌಜನ್ಯಳ ಗಾಲಿಕುರ್ಚಿ. ಬಡಗಿ ಹಲಗೆ ಎತ್ತಿ ಹಿಡಿದಾಗ ಮೇಷ್ಟ್ರು ತಾವೇ ಆ ಕುರ್ಚಿಯಲ್ಲಿ ಕೂತು, ಸೀಮೆಸುಣ್ಣ ಹಿಡಿದ ಕೈ ಚಾಚಿ ನೋಡಿದರು.

"ಇನ್ನೂ ಕೆಳಗೆ" ಎಂದರು.

"ಸರ್, ಇನ್ನೂ ಇಳಿಸಿದ್ರೆ ನೀವು ಬಗ್ಗಿ ಬರೀಬೇಕಾಗುತ್ತೆ."

"ಬಗ್ಗಣ. ಇಳಿಸಪ್ಪಾ."

ಬಾಗಿಲಲ್ಲಿ ನಿಂತಿದ್ದ ರೂಪಳನ್ನು ಅವರು ಗಮನಿಸಲಿಲ್ಲ. ಅವಳು ಸದ್ದು ಮಾಡದೆ ತನ್ನ ಕೊಠಡಿಗೆ ಹೋದಳು.

ಆ ಸೋಮವಾರ ಸೌಜನ್ಯ ಬರಲಿಲ್ಲ. ಮಂಗಳವಾರ ಬಂದಳು. ಯಾರೂ ಚಪ್ಪಾಳೆ ತಟ್ಟಬಾರದೆಂದು ರೂಪ ಮೊದಲೇ ಹೇಳಿದ್ದಳು. ಗೆಳತಿಯರು ಸರಿದು ಜಾಗ ಕೊಟ್ಟರು, ಅವಳು ಎರಡನೇ ಬೆಂಚಿನ ಪಕ್ಕ ಕುರ್ಚಿ ನಿಲ್ಲಿಸಿಕೊಂಡಳು. ಹೊರಗೆ ಟೊಮೆಟೊ ಗಾಡಿ ಹಾರ್ನ್ ಹೊಡೆಯುತ್ತ ಹೋಯಿತು. ಗಣೇಶ್ ಪ್ರಸಾದ್ ದನಿ ಏರಿಸಿ ವರ್ಗ ಸಮೀಕರಣದ ಲೆಕ್ಕ ಬರೆದರು.

"ಸೌಜನ್ಯ, ಬಂದು ಮಾಡು."

ಅವಳು ಹಲಗೆಯ ಹತ್ತಿರ ಹೋದಳು. ಎರಡು ಸಾಲು ಬರೆದಳು. ಮೂರನೆಯದಕ್ಕೆ ಕೈ ನಿಂತಿತು. ರೂಪ ಆಗ ಜಗಲಿಯಲ್ಲಿ ಹಾದುಹೋಗುತ್ತಿದ್ದಳು, ಒಳಗೆ ಹೋಗಬೇಕೆನ್ನಿಸಿತು. ಹೋಗಲಿಲ್ಲ.

"ಇಲ್ಲಿಂದ ನಂಗೆ ಅರ್ಥ ಆಗಿಲ್ಲ ಸರ್" ಎಂದಳು ಸೌಜನ್ಯ, ಎಲ್ಲರಿಗೂ ಕೇಳುವಂತೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. "ನಂಗೂ ಅಲ್ಲೇ ಸರ್."

"ನಂಗೂ ಸರ್." ಕಿಟಕಿಯ ಕಡೆಯಿಂದ ಇನ್ನೊಂದು ದನಿ. ಒಂದಾದ ಮೇಲೊಂದು ಕೈಗಳು ಮೇಲೆದ್ದವು.

ಗಣೇಶ್ ಪ್ರಸಾದ್ ಆ ಕೈಗಳನ್ನೆಲ್ಲ ನೋಡಿದರು. "ಇಷ್ಟು ದಿನ ಯಾಕ್ರೋ ಹೇಳ್ಲಿಲ್ಲ?" ಎಂದು ಗದರಿದರು. ಅವರು ಒಂದು ಕೈಯನ್ನು ಮಂಡಿಗೆ ಊರಿ ಬಗ್ಗಿ, ಹಲಗೆಯನ್ನು ಪೂರ್ತಿ ಒರೆಸಿ, ಮೊದಲ ಸಾಲಿನಿಂದ ಮತ್ತೆ ಬರೆಯತೊಡಗಿದರು.